ಉಪ್ಪಿಲ್ಲದ ಗಂಜಿ

ಇದನ್ನು ಬರೆಯಲು ನಾನು ಬಹಳ ತಡಮಾಡಿದ್ದೇನೆ. ನಿವೃತ್ತನಾದ ವರ್ಷವೇ ಬರೆಯಬೇಕೆಂದಿದ್ದೆ. ಮಗಳ ಮದುವೆ ಇದೆ ಎಂದು ಮುಂದೂಡಿದೆ. ಆಮೇಲೆ ಕಣ್ಣಿಗೆ ಪೊರೆ ಬಂದಿದೆ, ಅಕ್ಷರ ಕಾಣುವುದಿಲ್ಲ ಎಂದೆ. ಪೊರೆ ತೆಗೆಸಿದ ಮೇಲೆ ಹೇಳಿಕೊಳ್ಳಲು ನೆಪ ಉಳಿಯಲಿಲ್ಲ. ಆದರೂ ಬರೆಯಲಿಲ್ಲ.

ಈಗ ನನ್ನ ತಮ್ಮನ ಮೊಮ್ಮಗಳು ನರ್ಸಿಂಗ್ ಓದಲು ಸೇರಿದ್ದಾಳೆ. "ಅಜ್ಜ, ನಿಮ್ಮ ಕಾಲದ ಆಸ್ಪತ್ರೆ ಹೆಂಗಿತ್ತು, ಹೇಳಿ" ಎಂದು ಮೊನ್ನೆ ಬಂದು ಕೂತಳು. ಕೆಮ್ಮಿನ ಮಿಕ್ಸ್ಚರ್ ಅನ್ನು ಕೊಳಗದಲ್ಲಿ ಕಲಸುತ್ತಿದ್ದದ್ದು, ಔಷಧಿಗೆ ಜನ ಮನೆಯಿಂದ ಸೀಮೆಎಣ್ಣೆಯ ಶೀಶೆ ತಂದು ಅದರಲ್ಲೇ ಹಾಕಿಕೊಡಿ ಎಂದು ಜಗಳ ಆಡುತ್ತಿದ್ದದ್ದು, ಸೂಜಿಯ ಮೊನೆಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದದ್ದು, ಇವನ್ನೆಲ್ಲ ಹೇಳಿ ನಗಿಸಿ ಕಳಿಸಿದೆ. ಅವಳು ಗೇಟು ದಾಟಿದ ಮೇಲೆ ನನಗೆ ಹೆದರಿಕೆ ಶುರುವಾಯಿತು. ನಾಳೆ ವಾರ್ಡಿನಲ್ಲಿ ನಿಲ್ಲುವವಳು ಅವಳು. ಅವಳಿಗೆ ಬೇಕಾದ ಕಥೆಯನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದೆ.

ಎಸ್ಸೆಸ್ಸೆಲ್ಸಿ ಮುಗಿಸಿ, ಕಾಂಪೌಂಡರ್ ತರಬೇತಿ ಪಡೆದು ನಾನು ಕೆಲಸಕ್ಕೆ ಸೇರಿದ್ದು ಅರವತ್ತರ ದಶಕದ ಮೊದಲಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲೂಕುಗಳಲ್ಲೇ ಸುತ್ತಿದೆ. ಈಗ ಹೇಳುವುದು ಅವುಗಳಲ್ಲಿ ಯಾವ ಆಸ್ಪತ್ರೆಯಲ್ಲಿ ನಡೆಯಿತು ಎಂದು ಹೇಳುವುದಿಲ್ಲ. ತಪ್ಪು ಕಟ್ಟಡದ್ದಲ್ಲ.

ಕಾಂಪೌಂಡರ್ ಎಂದರೆ ಔಷಧಿ ಕಲಸುವವನು ಎಂದು ಕಾಗದದಲ್ಲಿತ್ತು. ನಿಜದಲ್ಲಿ ಗಾಯ ತೊಳೆಯುವವನು, ಸಿರಿಂಜು ಕುದಿಸುವವನು, ಮೂಳೆ ಕೂರಿಸುವಾಗ ರೋಗಿಯನ್ನು ಅದುಮಿ ಹಿಡಿಯುವವನು ನಾನೇ. ಡಾಕ್ಟರು ಊರಲ್ಲಿಲ್ಲದ ದಿನ ಡಾಕ್ಟರೂ ನಾನೇ. ಜನ ನನಗೆ ಕೈ ಮುಗಿಯುತ್ತಿದ್ದರು. ಅದು ತಲೆಗೆ ಏರುತ್ತದೆ. ಈ ಕೆಲಸಕ್ಕೆ ಬರುವವರು ಮೊದಲು ಹೆದರಬೇಕಾದದ್ದು ಇದಕ್ಕೆ.

ನಮ್ಮ ಡಾಕ್ಟರು ಮೈಸೂರು ಕಡೆಯವರು. ಮಾತು ಕಡಿಮೆ. ಬೈದರೂ ಮೆಲ್ಲಗೆ ಬೈಯುತ್ತಿದ್ದರು, ಅದೇ ಹೆಚ್ಚು ಕೊರೆಯುತ್ತಿತ್ತು. ಅವರಿಗೆ ನಾನು ಹೆದರಲು ಶುರುಮಾಡಿದ್ದು ಒಂದು ಬಾಟಲಿಯಿಂದ.

ಶ್ವಾಸಕೋಶದ ಸುತ್ತ ಎರಡು ತೆಳುವಾದ ಪೊರೆಗಳಿವೆ. ನ್ಯುಮೋನಿಯಾ ಕೆಟ್ಟರೆ ಕೆಲವೊಮ್ಮೆ ಆ ಎರಡರ ನಡುವೆ ಕೀವು ತುಂಬುತ್ತದೆ. ಆಗ ಪಕ್ಕೆಲುಬುಗಳ ಸಂದಿಯಲ್ಲಿ ರಬ್ಬರಿನ ನಳಿಗೆ ಇಳಿಸಿ, ಅದರ ಇನ್ನೊಂದು ತುದಿಯನ್ನು ನೀರಿರುವ ಗಾಜಿನ ಬಾಟಲಿಯಲ್ಲಿ ಮುಳುಗಿಸಿ ನೆಲದ ಮೇಲೆ ಇಡುತ್ತಿದ್ದೆವು. ಕೀವು ಇಳಿದು ಬರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ಒಬ್ಬ ಗಾಡಿ ಹೊಡೆಯುವವನಿಗೆ ಹೀಗೆ ನಳಿಗೆ ಹಾಕಿತ್ತು. ಅವನ ನೆಂಟರು ಬಂದಾಗ ಎಷ್ಟು ಕೀವು ಬಂದಿದೆ ನೋಡಿ ಎಂದು ನಾನು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದೆ.

"ಕಾಂಪೌಂಡರ್ರೆ, ಹಂಗೆ ಎತ್ತಿ ತೋರ್ಸಕ್ಕೆ ಅದೆಂತ ಸಾರಾಯನ?" ಎಂದು ಗಾಡಿಯವನು ನಕ್ಕ.

ನಾನೂ ನಕ್ಕೆ. ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. "ಕೆಳಗಿಡಿ" ಎಂದರು, ಅಷ್ಟೆ. ಆಮೇಲೆ ಔಷಧದ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. "ಬಾಟ್ಲಿ ಎದೆಗಿಂತ ಮೇಲೆ ಹೋದ್ರೆ ಆ ನೀರು, ಆ ಕೀವು ಎಲ್ಲಾ ವಾಪಸ್ ಎದೆಯೊಳಗೆ ಹೋಗುತ್ತೆ ಅಂತ ಗೊತ್ತಿಲ್ವೇನ್ರೀ? ಇನ್ನೊಂದ್ಸಲ ನಿಮ್ಮ ಸ್ವಂತ ಬುದ್ಧಿ ಓಡಿಸಿದ್ರೆ ನಾನೇ ಮೇಲಕ್ಕೆ ಬರೀತೀನಿ. ಮನೆಗೆ ಹೋಗ್ಬೇಕಾಗುತ್ತೆ."

ಗಾಡಿಯವನಿಗೆ ಏನೂ ಆಗಲಿಲ್ಲ, ಗುಣವಾಗಿ ಹೋದ. ನನಗೆ ಮಾತ್ರ ಹೆದರಿಕೆ ಉಳಿಯಿತು. ಅಪ್ಪ ತೀರಿಕೊಂಡಿದ್ದರು. ಅಮ್ಮ, ತಮ್ಮ, ಮದುವೆಯಾಗದ ತಂಗಿ ಎಲ್ಲರೂ ನನ್ನ ಸಂಬಳದ ಮೇಲಿದ್ದರು. ಅಂದಿನಿಂದ ಡಾಕ್ಟರ ಚಪ್ಪಲಿಯ ಸದ್ದು ಕೇಳಿದರೆ ಮಾಡಿ ಮುಗಿಸಿದ ಕೆಲಸವನ್ನೇ ಮತ್ತೊಮ್ಮೆ ನೋಡಿಕೊಳ್ಳುತ್ತಿದ್ದೆ. ಅವರ ಕಣ್ಣಿನಲ್ಲಿ ಒಂದು ಸಲ ಒಳ್ಳೆಯವನಾಗಬೇಕು ಎಂಬ ಆಸೆಯೂ ಅದೇ ಹೆದರಿಕೆಯೊಳಗೆ ಬೆಳೆಯಿತು.

ಹುಡುಗಿ ಬಂದದ್ದು ಬೇಸಿಗೆಯ ಮೊದಲಲ್ಲಿ. ಹುಂಚದ ಆಚೆಯ ಹಳ್ಳಿ, ಗೇಣಿ ಮಾಡುವ ಮನೆ. ಅಪ್ಪ ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಸ್ಸಿನಲ್ಲಿ ತಂದಿದ್ದ, ಬಿಟ್ಟು ಗದ್ದೆ ಕೆಲಸಕ್ಕೆ ಹೋದ. ಉಳಿದವಳು ತಾಯಿ. ಹುಡುಗಿಯ ಹೆಸರು ನಾಗು. ವಯಸ್ಸು ಎಂಟು ಎಂದರು, ನೋಡಿದರೆ ನಾಲ್ಕರ ಮಗು. ಬೆರಳುಗಳ ತುದಿ ಮಾತ್ರ ತಮಟೆಯ ಕೋಲಿನ ಹಾಗೆ ಉಬ್ಬಿತ್ತು. ಡಾಕ್ಟರು ಆ ಬೆರಳುಗಳನ್ನು ಬಹಳ ಹೊತ್ತು ಹಿಡಿದುಕೊಂಡು ನೋಡಿದರು.

"ಹುಟ್ಟಿದಾಗಿಂದ ಕೆಮ್ಮು ಅಯ್ಯಾ" ಎಂದಳು ತಾಯಿ. "ಉಣ್ಣೋದು ನೋಡಿರೆ ಗದ್ದೆ ಆಳಿನ ಹಂಗೆ ಉಣ್ತದೆ, ಮೈಗೆ ಹತ್ತಲ್ಲ. ಹೊರಗೆ ಹೋದ್ರೆ ಎಣ್ಣೆ ಎಣ್ಣೆ. ಇವ್ಳ ಮೇಲೆ ಹುಟ್ಟಿದ್ದು ಎರಡೂ ಇದೇ ಥರ ಕೆಮ್ಮಿ ಕೆಮ್ಮಿ ಹೋದ್ವು."

ಊರಿನವರು ಕ್ಷಯ ಎಂದು ತೀರ್ಮಾನಿಸಿ ಇವರ ಮನೆಯ ಅಂಗಳಕ್ಕೂ ಬರುವುದನ್ನು ಬಿಟ್ಟಿದ್ದರಂತೆ. ಡಾಕ್ಟರು ಕಫ ಪರೀಕ್ಷೆ ಮಾಡಿಸಿದರು, ಕ್ಷಯದ ಕ್ರಿಮಿ ಕಾಣಲಿಲ್ಲ. ಬೆನ್ನಿನ ಬಲಗಡೆ ಬೆರಳಿನಿಂದ ತಟ್ಟಿದರು. ಕಲ್ಲಿಗೆ ತಟ್ಟಿದ ಹಾಗೆ ಮೊದ್ದು ಸದ್ದು. ಸೂಜಿ ಹಾಕಿದರು. ನಾನು ಹುಡುಗಿಯ ಭುಜ ಹಿಡಿದಿದ್ದೆ.

ಸಿರಿಂಜಿನಲ್ಲಿ ಬಂದದ್ದು ಹಸಿರು.

ಹಸಿರು ಕೀವನ್ನು ನಾನು ಸುಟ್ಟ ಗಾಯದ ಪಟ್ಟಿಯಲ್ಲಿ ಕಂಡಿದ್ದೆ. ಎದೆಯ ಒಳಗಿಂದ ಬಂದದ್ದು ಕಂಡಿರಲಿಲ್ಲ. ಕಳಿತು ಬಿದ್ದ ಹಣ್ಣಿನಂಥ ಸಿಹಿ ವಾಸನೆ ವಾರ್ಡಿನ ತುಂಬ ಹರಡಿತು. ಪಕ್ಕದ ಮಂಚದವರು ಮುಖ ತಿರುಗಿಸಿದರು. ಡಾಕ್ಟರು ಸಿರಿಂಜನ್ನು ಬೆಳಕಿಗೆ ಹಿಡಿದು, "ಇದು ಕ್ಷಯ ಅಲ್ಲ. ಏನು ಅಂತ ನನಗೂ ಗೊತ್ತಿಲ್ಲ" ಎಂದರು. ಅವರ ಬಾಯಿಂದ ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಾಯಿಲೆಗಿಂತ ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ನಳಿಗೆ ಇಳಿಸಿದರು. ಬಾಟಲಿಗೆ ಹಸಿರು ಇಳಿಯತೊಡಗಿತು. ಇದ್ದ ಇಂಜೆಕ್ಷನ್ನುಗಳನ್ನೆಲ್ಲ ಕೊಟ್ಟೆವು. ಯಾವುದು ನಾಟಿತೋ ತಿಳಿಯದು, ನಿಧಾನವಾಗಿ ಜ್ವರ ಇಳಿಯಿತು. ಹುಡುಗಿ ದಿಂಬಿಗೆ ಒರಗಿ ಕೂತಳು. ಮಾತಾಡಿದಳು. ನನ್ನನ್ನು "ಬಾಟ್ಲಿ ಮಾವ" ಎಂದು ಕರೆಯತೊಡಗಿದಳು. ಬಾಟಲಿಯಲ್ಲಿ ಗುಳುಗುಳು ಸದ್ದು ಬಂದರೆ "ಮಾವ, ನಿಮ್ಮ ಬಾಟ್ಲಿಗೆ ಹಸಿವಾತು" ಎನ್ನುತ್ತಿದ್ದಳು. ತಾಯಿ ಮೊದಲ ಸಲ ತಲೆ ಬಾಚಿಕೊಂಡು ಕೂತದ್ದನ್ನು ಕಂಡೆ.

ಆಗಲೇ ಡಾಕ್ಟರಿಗೆ ಹೊರಗೆ ಹೋಗಬೇಕಾಯಿತು. ಅಣೆಕಟ್ಟಿನ ನೀರಿನಲ್ಲಿ ಮುಳುಗಡೆಯಾದ ಊರಿನವರಿಗೆ ಕಾಡು ಕಡಿದು ಕೊಟ್ಟಿದ್ದ ಹೊಸ ಜಾಗಗಳಲ್ಲಿ ವಾಂತಿಭೇದಿ ಹಬ್ಬಿತ್ತು, ಚುಚ್ಚುಮದ್ದು ಹಾಕಲು ಕರೆ ಬಂತು. ಹೊರಡುವಾಗ ನನಗೆ ಹೇಳಿದರು: "ಬಾಟ್ಲಿ ನೋಡ್ಕೊಳ್ಳಿ. ಇಂಜೆಕ್ಷನ್ ತಪ್ಪಿಸ್ಬೇಡಿ. ಆ ಮಗು ಊಟಕ್ಕೆ ಏನು ಕೇಳಿದ್ರೂ ಕೊಡಿ."

ನಾನು ಮಾಡಿದ್ದು ಇದು. ಮೈಗೆ ನೀರು ಬಂದವರಿಗೆ ಉಪ್ಪು ಬಿಡಿಸುವುದು ನಮ್ಮ ಕಡೆ ಮನೆಮನೆಗೂ ಗೊತ್ತಿದ್ದ ಪಥ್ಯ. ನಾಟಿ ಔಷಧಿಯವರೂ ಬಿಡಿಸುತ್ತಿದ್ದರು, ಕಾಲು ಬಾತು ಬಂದವರಿಗೆ ನಮ್ಮ ಡಾಕ್ಟರೂ ಬಿಡಿಸುತ್ತಿದ್ದರು. ಉಪ್ಪು ಬಿಟ್ಟರೆ ಬಾವು ಇಳಿಯುವುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಎದೆಯಲ್ಲಿ ತುಂಬುವುದೂ ನೀರೇ ತಾನೆ ಎಂದುಕೊಂಡೆ. ಉಪ್ಪು ನಿಲ್ಲಿಸಿದರೆ ಬಾಟಲಿ ಬೇಗ ಒಣಗುತ್ತದೆ, ಡಾಕ್ಟರು ಬಂದಾಗ ಒಣಗಿದ ಬಾಟಲಿ ತೋರಿಸಬಹುದು. ಅವರು ಏನನ್ನೂ ಹೇಳದೆ ಒಂದು ಸಲ ತಲೆ ಆಡಿಸುವುದನ್ನು ಕಲ್ಪಿಸಿಕೊಂಡೆ.

"ಇವತ್ತಿಂದ ಉಪ್ಪಿಲ್ಲದ ಗಂಜಿ" ಎಂದೆ ತಾಯಿಗೆ.

ಅವಳು ಎದ್ದು ನಿಂತಳು. "ಅದೊಂದು ಬೇಡ ಅಯ್ಯಾ. ಇವ್ಳಿಗೆ ಉಪ್ಪಿಲ್ದೆ ಆಗಲ್ಲ. ಇವ್ಳ ಮೈಯೇ ಉಪ್ಪು. ಮುತ್ತು ಕೊಟ್ರೆ ತುಟಿಗೆ ಹತ್ತದೆ. ನಮ್ಮನೆ ಕರು ಯಾವ ಮಕ್ಕಳ ಹತ್ರಾನೂ ಹೋಗಲ್ಲ, ಇವ್ಳು ಕೊಟ್ಟಿಗೆಗೆ ಹೋದ್ರೆ ಕುತ್ತಿಗೆ, ಕೈ ಎಲ್ಲಾ ನೆಕ್ಕಿ ನೆಕ್ಕಿ ಬಿಡಲ್ಲ. ಬೆವರೆಲ್ಲ ಉಪ್ಪಾಗಿ ಹೋಗ್ತದೆ ಅಂತ ಕಾಣ್ತದೆ, ಅದ್ಕೇ ಕಲ್ಲುಪ್ಪು ಕೇಳಿ ತಿಂತದೆ."

"ಹಾಗಾದ್ರೆ ಒಳ್ಳೇದಾಯ್ತಲ್ಲ" ಎಂದೆ ನಾನು. "ಸಾರಿಗೆ ಉಪ್ಪು ಕಮ್ಮಿ ಆದ್ರೆ ಇವಳನ್ನೇ ಒಂದ್ಸಲ ಅದ್ದಿ ತೆಗಿ."

ವಾರ್ಡಿನಲ್ಲಿದ್ದವರೆಲ್ಲ ನಕ್ಕರು. ನಾಗುವೂ ನಕ್ಕಳು. ತಾಯಿ ನಗಲಿಲ್ಲ. ನಾನು ಇನ್ನೊಂದು ಮಾತು ಸೇರಿಸಿದೆ, ಅದು ಈಗಲೂ ನನ್ನ ಕಿವಿಯಲ್ಲಿದೆ: "ಮೈಯಲ್ಲಿ ಉಪ್ಪು ಹೆಚ್ಚಾಗಿದೆ ಅಂತ ನೀನೇ ಹೇಳ್ತಿದ್ದೀಯ. ಅದಕ್ಕೇ ಬಿಡಿಸ್ತಿರೋದು."

ಅವಳ ಬಾಯಿಂದ ಬಂದ ಎಚ್ಚರಿಕೆಯನ್ನೇ ನನ್ನ ತಪ್ಪಿಗೆ ಕಾರಣವಾಗಿ ಮಾಡಿಕೊಂಡೆ.

ಮನೆಯಿಂದ ತಂದಿದ್ದ ಉಪ್ಪಿನಕಾಯಿ ಭರಣಿಯನ್ನು ಅವಳ ಚೀಲದಿಂದ ತೆಗೆದು ಔಷಧದ ಕೋಣೆಯಲ್ಲಿಟ್ಟು ಬೀಗ ಹಾಕಿದೆ. ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದ ಕಲ್ಲುಪ್ಪನ್ನು ಬಿಚ್ಚಿಸಿ ಹಿತ್ತಲಿಗೆ ಎಸೆಸಿದೆ. "ಕದ್ದು ಕೊಟ್ಟರೆ ಮಗು ಸತ್ತೀತು, ನೋಡು" ಎಂದು ಹೆದರಿಸಿದೆ. ಅವಳು ನಂಬಿದಳು. ಯಾಕೆ ನಂಬಬಾರದು? ಹಸಿರು ಕೀವು ತೆಗೆದು ಮಗುವನ್ನು ಕೂರಿಸಿದವರು ನಾವು.

ಬಿಸಿಲು ಏರಿತು. ನಮ್ಮ ವಾರ್ಡಿಗೆ ತಗಡಿನ ಮಾಡು. ಮಧ್ಯಾಹ್ನದ ಹೊತ್ತಿಗೆ ಒಳಗೆ ಕೂತವರ ಕೂದಲಿಂದ ಬೆವರು ತೊಟ್ಟಿಕ್ಕುತ್ತಿತ್ತು. ನಾಗುವಿನ ಹಣೆಯ ಮೇಲೆ ಬೆವರು ಒಣಗಿ ಬೆಳ್ಳಗೆ ಹಿಟ್ಟು ಹಿಟ್ಟಾಗಿ ನಿಲ್ಲುತ್ತಿತ್ತು. ನಾನು ಅದನ್ನು ಕಂಡೆ, ಒದ್ದೆ ಬಟ್ಟೆಯಿಂದ ಒರೆಸಿದೆ.

"ಅವ್ವಾ, ಒಂದ್ ಹರಳು ಹಾಕು" ಎನ್ನುತ್ತಿದ್ದಳು ಗಂಜಿ ಮುಂದೆ ಇಟ್ಟಾಗ.

"ಮಾವ ಬೈತಾರೆ ಮಗಾ. ಉಣ್ಣು."

ಆಮೇಲೆ ಅವಳು ಗಂಜಿ ಕೇಳುವುದನ್ನೂ ಬಿಟ್ಟಳು. ಒಂದು ಸಲ ನಾನು ಇಂಜೆಕ್ಷನ್ ತೆಗೆದುಕೊಂಡು ಹೋದಾಗ ಗೋಡೆಯ ಕಡೆ ತಿರುಗಿ ಮಲಗಿ ತನ್ನ ಮುಂಗೈಯನ್ನು ನೆಕ್ಕುತ್ತಿದ್ದಳು. "ಛೀ, ಕೈ ತೆಗಿ" ಎಂದೆ. ತೆಗೆದಳು. "ಬಾಟ್ಲಿ ಮಾವ" ಎನ್ನಲಿಲ್ಲ.

ಬಾಟಲಿ ಮಾತ್ರ ದಿನದಿನಕ್ಕೆ ಒಣಗುತ್ತ ಬಂತು. ನಾನು ಹಿಗ್ಗಿದೆ. ಮೈಯಲ್ಲೇ ನೀರಿಲ್ಲದ ಮಗುವಿನಿಂದ ಬಾಟಲಿಗೆ ಏನು ಬರಬೇಕು ಎಂದು ಹೊಳೆಯಲಿಲ್ಲ. ವಾಂತಿ ಶುರುವಾದಾಗ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಸಿದೆ. ಕಾಲಿನ ಮೀನಖಂಡ ಹಿಡಿದುಕೊಂಡು ಅಳತೊಡಗಿದಳು. ಕಣ್ಣು ಗುಳಿಬಿದ್ದವು. ನಾಡಿ ಹಿಡಿದರೆ ದಾರದ ಎಳೆಯ ಹಾಗೆ ಜಾರುತ್ತಿತ್ತು. ಕೀವು ರಕ್ತಕ್ಕೆ ಸೇರಿತು ಎಂದುಕೊಂಡೆ. ತಾಯಿ ನನ್ನನ್ನೇ ನೋಡುತ್ತಿದ್ದಳು. "ಒಂಚೂರು ಉಪ್ಪು ನೆಕ್ಕಿಸ್ಲಾ ಅಯ್ಯಾ?" ಎಂದಳು. ನಾನು ಬೇಡ ಎಂದೆ.

ಅದೇ ಮಧ್ಯಾಹ್ನ ಡಾಕ್ಟರ ಜೀಪು ಬಂತು. ಧೂಳು ಕೊಡವಿಕೊಳ್ಳದೆ ಸೀದಾ ಮಂಚಕ್ಕೆ ಬಂದರು. ಚರ್ಮ ಚಿವುಟಿ ನೋಡಿದರು, ಬಾಟಲಿ ನೋಡಿದರು, ನನ್ನ ಮುಖ ನೋಡಿದರು.

"ಊಟ ಏನು ಕೊಟ್ರಿ?"

'ಸ್ವಂತ ಬುದ್ಧಿ ಓಡಿಸಿದ್ರೆ' ಎಂಬ ಅವರ ಮಾತು ತಲೆಯಲ್ಲಿ ಬಡಿಯುತ್ತಿತ್ತು. "ಮಾಮೂಲಿ ಗಂಜಿ ಸಾರ್" ಎಂದೆ. ಬಾಯಿ ಅಲ್ಲಿಗೆ ನಿಲ್ಲಲಿಲ್ಲ. "ಇವಳು ನಮಗೆ ಗೊತ್ತಿಲ್ಲದ ಹಾಗೆ ಉಪ್ಪಿನಕಾಯಿ ತಿನ್ನಿಸಿದ್ದಾಳೆ ಸಾರ್. ಭರಣಿ ನಾನೇ ಹಿಡಿದು ಒಳಗಿಟ್ಟಿದ್ದೇನೆ. ಅದು ತಿಂದ ಮೇಲೇ ವಾಂತಿ."

"ಇಲ್ಲ ದೊಡ್ಡಯ್ಯಾ, ಇವ್ರು ಉಪ್ಪೇ..." ಎಂದು ತಾಯಿ ಶುರುಮಾಡಿದಳು.

"ಸುಮ್ನಿರು" ಎಂದು ನಾನು ಗದರಿಸಿದೆ. "ಮಾಡೋದು ಮಾಡಿ ಈಗ ಡಾಕ್ಟರ ಹೊತ್ತು ಕಳೀಬೇಡ."

ಡಾಕ್ಟರು ಅರೆಗಳಿಗೆ ಯೋಚಿಸಿದರು. ರಕ್ತದಲ್ಲಿ ಉಪ್ಪು ಎಷ್ಟಿದೆ ಎಂದು ಅಳೆಯುವ ಸಾಧನ ನಮ್ಮಲ್ಲಿ ಇರಲಿಲ್ಲ. ಇದ್ದದ್ದು, ಮೈಗೆ ಉಪ್ಪು ಹೆಚ್ಚು ಸೇರಿದೆ ಎಂಬಂಥ ನನ್ನ ಮಾತು. "ಗ್ಲೂಕೋಸ್ ಬಾಟ್ಲಿ ತನ್ನಿ" ಎಂದರು. ಉಪ್ಪುನೀರಿನ ಬಾಟಲಿಯೂ ಗ್ಲೂಕೋಸ್ ಬಾಟಲಿಯೂ ಒಂದೇ ಅಲಮಾರಿಯಲ್ಲಿ ಪಕ್ಕಪಕ್ಕದಲ್ಲಿದ್ದವು. ನಾನು ಬಾಗಿಲು ತೆರೆದು ನಿಂತೆ. ಹಿಂತಿರುಗಿ ಹೋಗಿ ನಿಜ ಹೇಳಬಹುದಾಗಿತ್ತು. ಗ್ಲೂಕೋಸ್ ತೆಗೆದುಕೊಂಡು ಬಂದೆ.

ಮಾರನೆಯ ದಿನ ಬೆಳಿಗ್ಗೆ ನಾಗುವಿಗೆ ಸೆಳೆತ ಬಂತು. ಬಿಸಿಲೇರುವ ಮೊದಲೇ ಹೋದಳು.

ಡಾಕ್ಟರು ಬಾಟಲಿಯನ್ನು ಕಾಲಿನ ತುದಿಯಿಂದ ಸ್ವಲ್ಪ ಸರಿಸಿ ನೋಡಿದರು. "ಕೀವು ನಿಂತಿತ್ತಲ್ರೀ. ಜ್ವರಾನೂ ಇರ್ಲಿಲ್ಲ. ಮತ್ತೆ ಯಾಕೆ?" ಎಂದು ಕೇಳಿದರು. ನನ್ನನ್ನು ಕೇಳಿದ್ದಲ್ಲ. ಆದರೆ ಉತ್ತರ ಗೊತ್ತಿದ್ದವನು ನಾನೊಬ್ಬನೇ, ನನಗೂ ಅರ್ಧ ಮಾತ್ರ ಗೊತ್ತಿತ್ತು.

ಸುದ್ದಿ ಹೋಗಿ ಅಪ್ಪ ಬಂದ, ಜೊತೆಗೆ ಅವನ ತಾಯಿ. ಉಪ್ಪಿನಕಾಯಿಯ ಮಾತು ಅಷ್ಟರಲ್ಲಿ ವಾರ್ಡಿನವರ ಬಾಯಿಂದ ಬಾಯಿಗೆ ಹೋಗಿ ಅವರಿಗೂ ಮುಟ್ಟಿತ್ತು. ಅತ್ತೆ ಸೊಸೆಯ ಮುಂದೆ ನಿಂತು, "ಎರಡು ನುಂಗಿದ್ದು ಸಾಲ್ಲಿಲ್ಲನ ನಿಂಗೆ? ಇದನ್ನೂ ಬಾಯಿಚಪಲಕ್ಕೆ ತಿನ್ಸಿ ಕೊಂದ್ಯಲ್ಲೇ" ಎಂದಳು. ಗಂಡ ಹೆಂಡತಿಯ ಕಡೆ ನೋಡಲೂ ಇಲ್ಲ.

ನಾನು ಮೂಲೆಯ ತೊಟ್ಟಿಯಲ್ಲಿ ರಬ್ಬರ್ ನಳಿಗೆ ತೊಳೆಯುತ್ತಿದ್ದೆ. ನಾಗುವಿನ ತಾಯಿ ನನ್ನ ಹತ್ತಿರ ಬಂದಳು. ಅಳುತ್ತಿರಲಿಲ್ಲ.

"ಅಯ್ಯಾ, ನಾ ಕೊಡ್ಲಿಲ್ಲ ಅಂತ ಒಂದು ಮಾತು ಹೇಳಿ ಅವ್ರಿಗೆ."

"ನಂಗೆ ಕೆಲಸ ಇದೆ" ಎಂದೆ.

"ಕೊಟ್ಟಿದ್ರೆ ಚೆನ್ನಾಗಿತ್ತು" ಎಂದಳು. ಹೋದಳು.

ಉಪ್ಪಿನಕಾಯಿ ಭರಣಿ ನಮ್ಮ ಕೋಣೆಯಲ್ಲೇ ಉಳಿಯಿತು. ಆಯಾ ಅದನ್ನು ತೊಳೆದು ಹತ್ತಿ ತುಂಬಿಡಲು ಇಟ್ಟುಕೊಂಡಳು. ಅದನ್ನು ನೋಡಲಾಗದೆ ನಾನು ವರ್ಗ ಕೇಳಿಕೊಂಡೆ. ಹೊರಡುವ ಮೊದಲು ಆ ಹಳ್ಳಿಯ ಒಬ್ಬ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದಿದ್ದ. ಸುಮ್ಮನೆ ಕೇಳಿದ ಹಾಗೆ ಕೇಳಿದೆ. ಅವಳನ್ನು ತವರಿಗೆ ಅಟ್ಟಿದ್ದಾರೆ, ಗಂಡನಿಗೆ ಬೇರೆ ಹೆಣ್ಣು ನೋಡುತ್ತಿದ್ದಾರೆ ಎಂದ.

ಅದಾಗಿ ಎಷ್ಟೋ ವರ್ಷಗಳವರೆಗೆ, ಮಗು ಕೀವಿನಿಂದಲೇ ಸತ್ತಿತು, ನನ್ನ ಸುಳ್ಳು ಸುಳ್ಳಷ್ಟೇ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೆ. ಕೆಲಸದ ಕೊನೆಯ ಭಾಗದಲ್ಲಿ ಒಂದು ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ನನ್ನನ್ನು ಹಾಕಿದರು. ಅಲ್ಲಿ ಒಬ್ಬರು ಲೇಡಿ ಡಾಕ್ಟರು, ಬಹಳ ಚಿಕ್ಕವರು, ಕೆಮ್ಮುವ ಒಂದು ಮಗುವಿನ ಬೆರಳು ನೋಡುತ್ತ ಅದರ ತಾಯಿಯನ್ನು ಕೇಳಿದರು: "ಮಗುಗೆ ಮುತ್ತು ಕೊಟ್ಟಾಗ ಬಾಯಿಗೆ ಉಪ್ಪು ಹತ್ತುತ್ತಾ?"

ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ನಾನು ಆ ತಾಯಿಯ ಉತ್ತರಕ್ಕೆ ಕಾದೆ.

ಆಮೇಲೆ ಅವರ ಕೋಣೆಗೆ ಹೋಗಿ, ಬೇರೆ ಯಾರದೋ ಕಥೆ ಎಂಬಂತೆ ಕೇಳಿದೆ. ಅದಕ್ಕೆ ಸಿಸ್ಟಿಕ್ ಫೈಬ್ರೋಸಿಸ್ ಎಂದು ಹೆಸರಂತೆ. ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಶ್ವಾಸಕೋಶದಲ್ಲಿ ಕಫ ಅಂಟಿನ ಹಾಗಾಗುತ್ತದೆ, ಉಂಡದ್ದು ಜೀರ್ಣವಾಗುವುದಿಲ್ಲ, ಬೆವರಿನಲ್ಲಿ ಉಪ್ಪು ಹರಿದುಹೋಗುತ್ತದೆ. ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಎಂದು ಬಹಳ ಕಾಲ ತಿಳಿದಿದ್ದರಂತೆ. ಹಸಿರು ಕೀವಿನ ವಿಷಯ ಹೇಳಿದಾಗ ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಈ ಮಕ್ಕಳಿಗೆ ಶ್ವಾಸಕೋಶದ ಒಳಗೆ ಆ ಹಸಿರು ಕೀವಿನ ಕ್ರಿಮಿ ಸೇರೋದು ಮಾಮೂಲು. ಹೊರಗಿನ ಪೊರೆಗೆ ಹೋಗಿ ಕೀವು ತುಂಬೋದು ತುಂಬಾ ಅಪರೂಪ. ಆ ಕಾಲದಲ್ಲಿ, ಆ ಸೌಕರ್ಯದಲ್ಲಿ ಅದನ್ನ ಇಳಿಸಿ ಮಗುನ ಕೂರಿಸಿದ್ರು ಅಂದ್ರೆ ಆ ಡಾಕ್ಟ್ರು ದೊಡ್ಡೋರು" ಎಂದರು. "ಆಮೇಲೆ ಏನಾಯ್ತು?"

"ಬೇಸಿಗೇಲಿ ಉಪ್ಪು ಬಿಡಿಸಿದ್ರು ಮೇಡಂ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಯಾರು ಬಿಡಿಸಿದ್ದು?" ಎಂದು ಕೇಳಿದರು. "ಗೊತ್ತಿಲ್ಲ" ಎಂದೆ. ಹೀಗೆ ಎರಡನೆಯ ಸಲವೂ ಸುಳ್ಳು ಹೇಳಿದೆ.

ನಾಗುವಿಗೆ ಇದೇ ಕಾಯಿಲೆ ಎಂದು ಆಣೆ ಮಾಡಿ ಹೇಳಲಾರೆ, ಬೆವರನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಉಪ್ಪು ಕೊಟ್ಟಿದ್ದರೂ ಅವಳು ಎಷ್ಟು ವರ್ಷ ಬದುಕುತ್ತಿದ್ದಳೋ ತಿಳಿಯದು. ಆದರೆ ಆ ಬೇಸಿಗೆ ದಾಟುತ್ತಿದ್ದಳು. ಅಪರೂಪದ ಕೀವನ್ನು ಗೆದ್ದು ಬಂದ ಮಗುವನ್ನು ನಾನು ಒಂದು ಹರಳು ಉಪ್ಪಿಗೆ ಸೋಲಿಸಿದೆ.

ಈಗ ಈ ಕೆಲಸಕ್ಕೆ ಬರುವವರ ಕೈಯಲ್ಲಿ ಎಲ್ಲವನ್ನೂ ಅಳೆಯುವ ಯಂತ್ರಗಳಿವೆ. ನಿಮ್ಮ ಕೈಯಿಂದ ತಪ್ಪಾಗುವುದಿಲ್ಲ ಎಂದಲ್ಲ, ಆಗುತ್ತದೆ. ಆದ ಮೇಲೆ ಡಾಕ್ಟರು ಬಂದು ಏನು ಕೊಟ್ಟಿರಿ ಎಂದು ಕೇಳುವ ಗಳಿಗೆಯೊಂದು ಇರುತ್ತದೆ. ಆಗ ಕೆಲಸ ಹೋಗುವುದೊಂದೇ ಕಣ್ಣ ಮುಂದೆ ಬರುತ್ತದೆ. ಮಗು ಇನ್ನೂ ಬದುಕಿರುತ್ತದೆ ಎಂಬುದನ್ನು ಆ ಗಳಿಗೆಯಲ್ಲಿ ನೆನಪಿಟ್ಟುಕೊಳ್ಳಿ. ನನಗೆ ನೆನಪಾಗಲಿಲ್ಲ.

ನಿವೃತ್ತನಾದ ಮೇಲೆ ಒಂದು ಸಲ ಅವಳ ತವರು ಯಾವುದು ಎಂದು ಪತ್ತೆ ಮಾಡಿದೆ. ಬಸ್ಸು ಹತ್ತಿದೆ. ಇಳಿಯಬೇಕಾದ ಕಡೆ ಕಟ್ಟೆಯ ಮೇಲೆ ಬೆಳ್ಳಗೆ ಕೂದಲಾದ ಒಬ್ಬ ಹೆಂಗಸು ಒಬ್ಬಳೇ ಕೂತಿದ್ದಳು. ಅವಳೋ ಅಲ್ಲವೋ ತಿಳಿಯಲಿಲ್ಲ. ಕಂಡಕ್ಟರ್ "ಅಜ್ಜಾರೆ, ಇಳಿತೀರನ?" ಎಂದು ಕೇಳಿದ. ಮುಂದಿನ ಊರಿಗೆ ಟಿಕೆಟ್ ತೆಗೆದುಕೊಂಡೆ. ಆಮೇಲೆ ಆಕೆ ತೀರಿಕೊಂಡರೆಂದು ತಿಳಿಯಿತು. ಕೊನೆಯವರೆಗೂ ಆ ಊರಿನಲ್ಲಿ ಆಕೆಯನ್ನು 'ಮಗಳಿಗೆ ಉಪ್ಪಿನಕಾಯಿ ತಿನ್ನಿಸಿ ಕೊಂದವಳು' ಎಂದೇ ಗುರುತಿಸುತ್ತಿದ್ದರಂತೆ.

ಆಕೆ ತಿನ್ನಿಸಲಿಲ್ಲ. ಭರಣಿ ನನ್ನ ಬೀಗದ ಒಳಗಿತ್ತು. ಉಪ್ಪು ಬಿಡಿಸಿದವನು ನಾನು, ಸುಳ್ಳು ಹೇಳಿದವನು ನಾನು. ಆ ಊರಿನವರು, ಆ ಮನೆತನದವರು ಯಾರಾದರೂ ಇದನ್ನು ಓದಿದರೆ ಒಬ್ಬರಿಗೊಬ್ಬರು ಹೇಳಿ. ನಾನು ಕ್ಷಮೆ ಕೇಳದೆ ಬಿಟ್ಟ ಆ ತಾಯಿಯ ಹೆಸರು ಹೂವಮ್ಮ.